ತ್ಯಾವರೆಕೊಪ್ಪದ ಅಂಟುಶಾಸನಗಳು

ಸ್ವಸ್ತಿ. ಅಂಗೈಯಲ್ಲಿ ಹಿಡಿದು, ಅಕ್ಷರ ಕುಟ್ಟಿ, ಗುಂಡಿ ಒತ್ತಿದರೆ ಬಾಯಿಂದ ಅಂಟುಪಟ್ಟಿ ಉಗುಳುವ ಲೇಬಲ್ ಯಂತ್ರವೊಂದು ಸಾಗರ ರಸ್ತೆಯ ತ್ಯಾವರೆಕೊಪ್ಪದ ನಮ್ಮ ಮನೆ ಸೇರಿ ಹನ್ನೊಂದು ತಿಂಗಳಾಯಿತು. ಈ ಅವಧಿಯಲ್ಲಿ ಮನೆಯಲ್ಲಿ ನಲವತ್ತಾರು, ಭದ್ರಾವತಿಯ ನನ್ನ ಕಚೇರಿಯಲ್ಲಿ ಮೂವತ್ತೊಂದು ಶಾಸನಗಳು ಹೊರಬಿದ್ದಿವೆ. ಬಹುಪಾಲು ಆಗಲೇ ನಷ್ಟವಾಗಿವೆ. ಉಳಿದವನ್ನಾದರೂ ದಾಖಲಿಸುವುದು ವಿದ್ವಾಂಸರ ಕರ್ತವ್ಯ; ಅವರಿಗೆ ಪುರುಸೊತ್ತಿಲ್ಲವಾದ್ದರಿಂದ ನಾನೇ ಕೈಹಾಕಿದ್ದೇನೆ.

ವಿಧಾನದ ಬಗ್ಗೆ ಒಂದು ಮಾತು. ಬಿ.ಎಲ್. ರೈಸ್ ಅವರು ನಮ್ಮ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7 ಮತ್ತು 8ನೇ ಸಂಪುಟಗಳಲ್ಲಿ (1902, 1904) ತಾಲ್ಲೂಕುವಾರು ಅಂಕಿ ಕೊಟ್ಟು ಜೋಡಿಸಿದರು. ತಾಳಗುಂದದ ಕಂಬದ ಶಾಸನ ಅಲ್ಲಿ ಶಿಕಾರಿಪುರ 176. ಅದೇ ಕ್ರಮದಲ್ಲಿ ನಮ್ಮ ಉಪ್ಪಿನ ಡಬ್ಬಿ ತ್ಯಾ. 1, ಬೆಲ್ಲದ ಡಬ್ಬಿ ತ್ಯಾ. 2, ಬಚ್ಚಲುಮನೆಯ ಗೀಸರ್ ಸ್ವಿಚ್ಚು ತ್ಯಾ. 19. ಆ ಕಂಬದ ಮೇಲಿನ ಕಾವ್ಯ ಬರೆದ ಕುಬ್ಜನೆಂಬ ಕವಿ, ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದನೆಂದು ಹೇಳಿಕೊಂಡಿದ್ದಾನೆ. ಕವಿಯೂ ಅವನೇ, ಕಂಡರಿಸಿದವನೂ ಅವನೇ. ಆಮೇಲೆ ಈ ಎರಡು ಕೆಲಸ ಬೇರೆಬೇರೆಯವರ ಪಾಲಾದವು. ಅವನ್ನು ಮತ್ತೆ ಒಂದೇ ಕೈಗೆ ತಂದ ಕೀರ್ತಿ, ಸಂಕೋಚದಿಂದಲೇ ಹೇಳುತ್ತೇನೆ, ನನ್ನದು.

ಇನ್ನು ಸ್ಥಳಮಹಿಮೆ. ತಾಳಗುಂದದಲ್ಲೇ ಸಿಕ್ಕ ಸಿಂಹಕಟಾಂಜನದ ಶಾಸನ ಕ್ರಿ.ಶ. 370ರ ಸುಮಾರಿನದು, ಹಲ್ಮಿಡಿ ಶಾಸನಕ್ಕಿಂತ ಹಳೆಯದು ಎಂದು ಪುರಾತತ್ತ್ವ ಇಲಾಖೆ ಗುರುತಿಸಿದೆ. ಅಂದರೆ ಕನ್ನಡದ ಅತ್ಯಂತ ಹಳೆಯ ಬರಹವನ್ನು ಸಿಂಹದ ಪಕ್ಕದಲ್ಲಿ ಕೊರೆದಿದ್ದಾರೆ. ನಮ್ಮೂರಲ್ಲಿ ಸಿಂಹಗಳೇ ಇವೆ. ತ್ಯಾವರೆಕೊಪ್ಪದ ಹುಲಿ–ಸಿಂಹಧಾಮ ಆರಂಭವಾದದ್ದು 1988ರಲ್ಲಿ. ಜಪಾನಿನ ಬ್ರದರ್ ಕಂಪನಿ ತನ್ನ ಮೊದಲ ಪಿ-ಟಚ್ ಲೇಬಲ್ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟದ್ದೂ 1988ರಲ್ಲಿ. ಇದನ್ನು ಕಾಕತಾಳೀಯ ಎನ್ನುವವರು ಈ ಪ್ರಬಂಧವನ್ನು ಇಲ್ಲಿಗೇ ನಿಲ್ಲಿಸಬಹುದು. ಹುಲಿಯ ಆವರಣದ ಮುಂದೆ ‘ಹುಲಿ’ ಎಂದು ಫಲಕ ಹಾಕುವುದು ಹುಲಿಯ ಅನುಕೂಲಕ್ಕಲ್ಲ ಎಂಬುದು ನನಗೆ ಅಲ್ಲೇ ಹೊಳೆದಿತ್ತು. ಅಡುಗೆಮನೆಗೆ ಆ ತತ್ತ್ವವನ್ನು ಅನ್ವಯಿಸದೇ ಹೋದದ್ದು ನನ್ನ ತಪ್ಪು.

ಪೂರ್ವೇತಿಹಾಸ ಹೇಳದೆ ಯಂತ್ರಕ್ಕೆ ಬರುವಂತಿಲ್ಲ. ಕನ್ನಡನಾಡಿನ ನಿಜವಾದ ಮೊದಲ ಕೈಹಿಡಿಕೆಯ ಲೇಬಲ್ ಯಂತ್ರ ಪಾತ್ರೆ ಅಂಗಡಿಯ ಹೆಸರು ಹಾಕುವ ಮಿಷನ್ನು. ಮದುವೆಯ ಮುಯ್ಯಿಗೆಂದು ಸ್ಟೀಲ್ ಕೊಳದಪ್ಪಲೆ ಕೊಂಡರೆ ಅಂಗಡಿಯ ಹುಡುಗ ಕೇಳುತ್ತಿದ್ದ: “ಹೆಸರು ಏನಂತ ಹಾಕ್ಲಿ?” ಗುಯ್ಯೆನ್ನುವ ಆ ದಪ್ಪ ಪೆನ್ನನ್ನು ಅವನು ಪಾತ್ರೆಯ ಕಂಠಕ್ಕೆ ತಾಗಿಸುತ್ತಿದ್ದಂತೆ ಅಂಗಡಿಯವರ ಹಲ್ಲೆಲ್ಲ ಜುಮ್ಮೆನ್ನುತ್ತಿತ್ತು. ಸಾಸಿವೆಯಂಥ ಚುಕ್ಕಿಗಳು ಒಂದರ ಪಕ್ಕ ಒಂದು ಕೂತು ಹೆಸರಾಗುತ್ತಿದ್ದವು. ಕರೆಂಟು ಹೋದರೆ ಹೆಸರು ಅರ್ಧಕ್ಕೆ ನಿಂತಿತು. ನಮ್ಮ ಮನೆಯ ಒಂದು ತಂಬಿಗೆಯ ಮೇಲೆ ಅಜ್ಜಿಯ ಹೆಸರು ಸಾವಿರ ಸಲ ಬೂದಿ, ಹುಣಸೆಹಣ್ಣು, ನಾರು ಕಂಡೂ ಅಳಿಸಿಲ್ಲ. ತಾಮ್ರಪಟದ ನಂತರ ಬಂದ ಈ ಯುಗವನ್ನು ‘ಸ್ಟೀಲ್‌ಪಟ ಯುಗ’ ಎಂದು ಕರೆಯಬೇಕೆಂದು ಸೂಚಿಸುತ್ತೇನೆ. ಆ ಶಾಸನ ‘ಇದು ಏನು’ ಎಂದು ಎಂದೂ ಹೇಳಲಿಲ್ಲ, ‘ಇದು ಯಾರದು’ ಎಂದಷ್ಟೇ ಹೇಳಿತು. ತಂಬಿಗೆ ತಂಬಿಗೆಯೇ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಅನುಮಾನ ಇದ್ದದ್ದು ಪಕ್ಕದ ಮನೆಯವರ ಮೇಲೆ.

ಆಮೇಲೆ ಬಂದದ್ದು ಡೈಮೊ. 1958ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಕಂಪನಿಯ ಯಂತ್ರದಲ್ಲಿ ಅಕ್ಷರದ ಚಕ್ರ ತಿರುಗಿಸಿ ಹಿಡಿಕೆ ಅಮುಕಿದರೆ ಗಟ್ಟಿ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಕ್ಷರ ಉಬ್ಬಿ ಏಳುತ್ತದೆ. ಶಾಯಿ ಇಲ್ಲ, ಹಿಗ್ಗಿದ ಜಾಗದಲ್ಲಿ ಪ್ಲಾಸ್ಟಿಕ್ಕೇ ಬೆಳ್ಳಗಾಗುತ್ತದೆ. ಹಳೆಯ ಕಚೇರಿಗಳ ಬೀರುಗಳ ಮೇಲೆ ಇಂದಿಗೂ ಒಂದು ತುದಿ ಎದ್ದು ನಿಂತ ಇಂಥ ಕೆಂಪು, ನೀಲಿ ಪಟ್ಟಿಗಳನ್ನು ಕಾಣಬಹುದು.

ಈಗಿನ ಯಂತ್ರಗಳಲ್ಲಿ ಎರಡು ಜಾತಿ. ಒಂದರಲ್ಲಿ ಶಾಯಿಯೇ ಇಲ್ಲ. ಬಿಸಿ ತಗುಲಿದಲ್ಲಿ ಕಾಗದ ಕಪ್ಪಾಗುತ್ತದೆ. ಎಟಿಎಂ ಚೀಟಿಯ ವಂಶ. ಅಗ್ಗ, ಚಂದ, ಆದರೆ ಬಿಸಿಲಿಗೆ ಮಾಸುತ್ತದೆ, ಒಲೆಯ ಮಗ್ಗುಲಲ್ಲಿ ಇಟ್ಟರೆ ಅಡುಗೆಯ ಜೊತೆ ತಾನೂ ಬೆಂದು ಕರ್ರಗಾಗುತ್ತದೆ. ಇನ್ನೊಂದರಲ್ಲಿ ರಿಬ್ಬನ್ನಿನ ಶಾಯಿ ಬಿಸಿಗೆ ಕರಗಿ ಪಟ್ಟಿಗೆ ಇಳಿಯುತ್ತದೆ. ಅದರಲ್ಲೇ ಉತ್ತಮ ಕುಲದ್ದಾದರೆ ಪಾರದರ್ಶಕ ಹಾಳೆಯ ಅಡಿಮಗ್ಗುಲಿಗೆ ಅಕ್ಷರವನ್ನು ತಿರುವುಮುರುವಾಗಿ ಅಚ್ಚು ಹಾಕಿ, ಕೆಳಗೆ ಅಂಟಿನ ಪಟ್ಟಿ ಕೂಡಿಸುತ್ತದೆ. ಅಕ್ಷರ ಎರಡು ಪದರದ ನಡುವೆ ಭದ್ರ. ಎಣ್ಣೆ ಕೈಯಲ್ಲಿ ಉಜ್ಜಿದರೂ ಹೋಗದು. ಅಡುಗೆಮನೆಗೆ, ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಇದೇ ಆಗಬೇಕು. ಪಟ್ಟಿಯ ಅಗಲ ಡಬ್ಬಿಗೆ 12 ಮಿ.ಮೀ. ಸಾಕು, ಕಡತದ ಬೆನ್ನಿಗೆ 18 ಅಥವಾ 24 ಬೇಕು. ಅಂಟಿಸುವ ಮೊದಲು ಡಬ್ಬಿಯ ಜಿಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು. ವೈರಿಗಾದರೆ ಪಟ್ಟಿಯನ್ನು ಸುತ್ತದೆ, ಬಾವುಟದ ಹಾಗೆ ಎರಡು ತುದಿಯನ್ನೂ ಬೆನ್ನಿಗೆ ಬೆನ್ನು ಕೂಡಿಸಿ ಅಂಟಿಸಬೇಕು, ಇಲ್ಲವಾದರೆ ಓದಲು ವೈರಿನ ಸುತ್ತ ನಾವೇ ಪ್ರದಕ್ಷಿಣೆ ಬರಬೇಕಾಗುತ್ತದೆ. ನನ್ನ ಯಂತ್ರಕ್ಕೆ ಒಂದು ದುರಭ್ಯಾಸವಿದೆ: ಪ್ರತಿ ಶಾಸನಕ್ಕೂ ಮುಂಚೆ ಬೆರಳಗಲ ಖಾಲಿ ಪಟ್ಟಿ ಬಿಡುತ್ತದೆ. ‘ಸ್ವಸ್ತಿ ಶ್ರೀ’ಗೆಂದು ಬಿಟ್ಟ ಜಾಗವೆಂದು ಭಾವಿಸಿ ಸುಮ್ಮನಿದ್ದೇನೆ. ಏಳೆಂಟು ಮೀಟರಿನ ಸುರುಳಿ ಮುಗಿದಾಗ ಭಾವನೆ ಬದಲಾಗುತ್ತದೆ.

ಲಿಪಿಯ ಪ್ರಶ್ನೆ ದೊಡ್ಡದು. ಮೊದಲು ತಂದ ಯಂತ್ರಕ್ಕೆ ಇಂಗ್ಲಿಷ್ ಗುಂಡಿಗಳು ಮಾತ್ರ. ‘ಬಿ, ಇ, ಎಲ್, ಇ’ ಎಂದು ಕುಟ್ಟಿ ತೊಗರಿಬೇಳೆಯ ಡಬ್ಬಿಗೆ ಅಂಟಿಸಿದೆ. ಅಮ್ಮ ಕನ್ನಡಕ ಏರಿಸಿ ‘ಬೆಲೆ’ ಎಂದು ಓದಿ “ಎಷ್ಟಂತ ಬರ್ದಿಲ್ಲಲ್ಲೋ” ಎಂದರು. ಮಗಳು ‘ಬೆಳೆ’ ಎಂದಳು. ಒಂದೇ ಶಾಸನಕ್ಕೆ ಮೂರು ಪಾಠಾಂತರ! ಆಮೇಲೆ ಮೊಬೈಲಿನಿಂದ ಕನ್ನಡ ಅಚ್ಚುಹಾಕುವ ಯಂತ್ರ ತಂದೆ. ಅಲ್ಲಿ ಒತ್ತಕ್ಷರದ ಕಾಟ. ‘ಅರಿಶಿನ’ ಪಟ್ಟಿಯ ತುಂಬ ದಪ್ಪಗೆ ಕೂರುತ್ತದೆ; ‘ಬೆಳ್ಳುಳ್ಳಿ’ಗೆ ಕಾಲುಗಳು ಕೆಳಗೆ ಇಳಿಯುವುದರಿಂದ ಇಡೀ ಪದ ಕುಗ್ಗಿ ಇರುವೆ ಸಾಲಾಗುತ್ತದೆ. ಅಕ್ಷರ ದೊಡ್ಡದು ಮಾಡಿದರೆ ಒತ್ತು ಕತ್ತರಿಸಿ ‘ಉಪ್ಪು’ ‘ಉಪು’ ಆಗುತ್ತದೆ. ಮುಂದೊಂದು ದಿನ ತ್ಯಾ. 1 ಅನ್ನು ಓದಿದವರು ಇಪ್ಪತ್ತೊಂದನೆಯ ಶತಮಾನದ ಮಲೆನಾಡಿನಲ್ಲಿ ದ್ವಿತ್ವ ಲೋಪವಾಗಿತ್ತೆಂದು ಭಾಷಾಶಾಸ್ತ್ರ ಬರೆದರೆ ಅದಕ್ಕೆ ನಾನು ಹೊಣೆಯಲ್ಲ.

ಪೂರ್ವಪಕ್ಷವನ್ನು ಅಮ್ಮನೇ ಮಂಡಿಸಿದರು. “ಎಂತ ಮಾರಾಯ ಇದು? ಉಪ್ಪನ್ನ ಉಪ್ಪು ಅಂತ ಓದಿ ಹಾಕ್ಬೇಕಾ?”

ಪ್ರಮಾಣಗಳು ನಾಲ್ಕು ಎಂದು ನಾನು ವಿವರಿಸಿದೆ. ಮುಚ್ಚಳ ತೆಗೆದು ನೋಡುವುದು ಪ್ರತ್ಯಕ್ಷ, ಅಲ್ಲಾಡಿಸಿ ಸದ್ದಿನಿಂದ ಊಹಿಸುವುದು ಅನುಮಾನ, ‘ಪಕ್ಕದ ಮನೆಯ ರವೆಯ ಹಾಗಿದೆ’ ಎನ್ನುವುದು ಉಪಮಾನ, ಲೇಬಲ್ಲು ಶಬ್ದ. ಶಬ್ದವೇ ಶ್ರೇಷ್ಠ. ಅಮ್ಮ ಏನೂ ಹೇಳದೆ ಒಗ್ಗರಣೆಗೆ ಎಣ್ಣೆಯಿಟ್ಟು, ಬೆನ್ನ ಹಿಂದೆ ಕೈಚಾಚಿ, ನೋಡದೆಯೇ ಡಬ್ಬಿ ತೆಗೆದು ಸಾಸಿವೆ ಹಾಕಿದರು. ಐದನೆಯ ಪ್ರಮಾಣವೊಂದಿದೆ ಎಂದು ಹೇಳುವ ನೈಯಾಯಿಕರು ಯಾಕೆ ಹುಟ್ಟಲಿಲ್ಲವೋ ತಿಳಿಯದು. ಅಂದಹಾಗೆ ಆ ಡಬ್ಬಿಯ ಮೇಲೆ ಬೋರ್ನ್‌ವಿಟಾ ಎಂದು ಬರೆದಿತ್ತು, ಇಪ್ಪತ್ತು ವರ್ಷದಿಂದ.

ಕಚೇರಿಯಲ್ಲಿ ಹೆಚ್ಚಿನದೇನೂ ಇಲ್ಲ. ‘ಹಳೆಯ ಕಡತಗಳು’ ಎಂದು ನಾನು ಅಂಟಿಸಿದ ಬೀರುವಿನೊಳಗೆ ಪೊರಕೆ, ಫಿನಾಯಿಲ್, ಗಣಪತಿ ಹಬ್ಬದ ಸೀರಿಯಲ್ ಸೆಟ್ಟು ಇವೆ. ಕಡತಗಳು ಬೀರುವಿನ ಮೇಲಿವೆ. ನನ್ನ ಹೆಸರಿನ ಪಟ್ಟಿಯಿದ್ದ ಸ್ಟೇಪ್ಲರ್ ಪಟ್ಟಿಯ ಸಮೇತ ಕಳುವಾಯಿತು. ಈಗ ಅದು ಮೇಲಿನ ಮಹಡಿಯಲ್ಲಿ ನನ್ನ ಹೆಸರಿನಲ್ಲೇ ಸೇವೆ ಸಲ್ಲಿಸುತ್ತಿದೆ. ‘ಇದನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನು’ ಎಂಬ ಅರ್ಥದ ಶಾಪವನ್ನು ಹಿಂದಿನವರು ಶಾಸನದ ಕೊನೆಗೆ ಯಾಕೆ ಸೇರಿಸುತ್ತಿದ್ದರೆಂದು ಆಗ ಅರ್ಥವಾಯಿತು. 12 ಮಿ.ಮೀ. ಪಟ್ಟಿಯಲ್ಲಿ ಅಷ್ಟು ಶಾಪಕ್ಕೆ ಜಾಗವಿಲ್ಲ.

ಈ ಭಾಗದ ಅತಿ ದೊಡ್ಡ ಲೇಬಲ್ ಬದಲಾವಣೆಯನ್ನೂ ದಾಖಲಿಸಬೇಕು. ಬೆಂಕಿಪುರ ಎಂಬ ಹೆಸರು ಕಿತ್ತು ಭದ್ರಾವತಿ ಎಂದು ಅಂಟಿಸಿ ಬಹಳ ಕಾಲವಾಯಿತು. ಕಬ್ಬಿಣದ ಕಾರ್ಖಾನೆಯ ಬೆಂಕಿ ನೋಡಿದ್ದರೆ ಹಳೆಯ ಲೇಬಲ್ಲೇ ಸರಿಯಿತ್ತು ಅನ್ನಿಸುತ್ತಿತ್ತು. 2014ರ ನವೆಂಬರ್ 1ರಂದು ಶಿವಮೊಗ್ಗದ ಇಂಗ್ಲಿಷ್ ಹೆಸರು ಏಳು ಅಕ್ಷರದಿಂದ ಹತ್ತಕ್ಕೆ ಏರಿತು. ಕನ್ನಡದಲ್ಲಿ ಮೊದಲೂ ನಾಲ್ಕು, ಈಗಲೂ ನಾಲ್ಕು. ಪಟ್ಟಿ ಉಳಿಸುವ ಭಾಷೆ ಯಾವುದೆಂದು ಬೇರೆ ಹೇಳಬೇಕಿಲ್ಲ.

ಕೊನೆಯದಾಗಿ ಶಾಸನಗಳ ಮರುಬಳಕೆ. ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗಿಯೋ ಕಾಲುವೆಗೆ ಹಾಸಿದ ಚಪ್ಪಡಿಯಾಗಿಯೋ ಪತ್ತೆಯಾದ ಸುದ್ದಿ ಓದಿ ನಾನು ಹಿಂದೆಲ್ಲ ಹಳ್ಳಿಯವರನ್ನು ಬಯ್ಯುತ್ತಿದ್ದೆ. ಕಳೆದ ಮಳೆಗಾಲದಲ್ಲಿ ತ್ಯಾ. 7, ತ್ಯಾ. 8, ತ್ಯಾ. 11 ಡಬ್ಬಿಗಳಿಂದ ಕಾಣೆಯಾದವು. ಹುಡುಕಾಡಿದಾಗ ಹಿತ್ತಿಲ ಕಡೆಯ ಕಿಟಕಿಯಲ್ಲಿ ಸಿಕ್ಕವು. ಸೊಳ್ಳೆಪರದೆಯ ತೂತಿನ ಮೇಲೆ ಒಂದರ ಪಕ್ಕ ಒಂದು, ಅಂಚು ಸರಿಯಾಗಿ ಕತ್ತರಿಸಿ, ಒಳಗಿಂದಲೂ ಹೊರಗಿಂದಲೂ ಅಮ್ಮ ಅಂಟಿಸಿದ್ದರು. “ಗಟ್ಟಿ ಉಂಟಲ್ಲ ನಿನ್ ಪಟ್ಟಿ, ನೀರು ತಾಗಿದ್ರೂ ಬಿಡೂದಿಲ್ಲ” ಎಂದರು. ಹನ್ನೊಂದು ತಿಂಗಳಲ್ಲಿ ಯಂತ್ರಕ್ಕೆ ದೊರೆತ ಮೊದಲ ಪ್ರಶಸ್ತಿ. ಬಿಳಿಯ ಮೇಲೆ ಕಪ್ಪು ಅಕ್ಷರ, 12 ಮಿ.ಮೀ., ಲಿಪಿ ಕನ್ನಡ, ಪಾಠ: ಮೆಂತ್ಯ, ಕೊತಂಬರಿ, ಮೆಂತ್ಯ. ಸೊಳ್ಳೆ ಬರುತ್ತಿಲ್ಲ.