ಮೂರು ಸಲ ಸಿಡಿಲು

"ಮೂರು ರಿಮೋಟ್ ಇದೆ, ಟಿವಿ ಮಾತ್ರ ಹತ್ತಲ್ಲ!"

"ಕಪ್ಪು ಬಣ್ಣದ್ದು ಟಿವಿಗೆ, ಬೂದುಬಣ್ಣದ್ದು ಸೆಟ್‌ಟಾಪ್ ಬಾಕ್ಸಿಗೆ."

"ಮೂರನೇದು?"

"ಎಸಿದು. ಎಸಿ ಮಾರಿ ಎರಡು ವರ್ಷವಾಯ್ತು."

ಅಂತೂ ಹತ್ತಿತು. ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ 'ಏನಂದೆ?' ಅಂದಳು. ಸಿಡಿಲು ಮೂರು ಸಲ ಬಡಿಯಿತು. ಮನೆಯವರ ಮುಖಗಳೆಲ್ಲ ಒಂದೊಂದಾಗಿ ಬಂದವು, ಅಡುಗೆಯವಳದೂ ಸೇರಿ. ಆಮೇಲೆ ಜಾಹೀರಾತು.

"1987ರಲ್ಲಿ ದೂರದರ್ಶನದ ರಾಮಾಯಣ ವಾರಕ್ಕೊಂದೇ ಕಂತು, ಭಾನುವಾರ ಬೆಳಿಗ್ಗೆ. ಆದರೂ ಕಥೆ ಮುಂದೆ ಹೋಗ್ತಿತ್ತು. ಇವರು ಸೋಮವಾರದಿಂದ ಅದೇ ಸೋಫಾದ ಮುಂದೆ ನಿಂತಿದ್ದಾರೆ."

"ನಿಮ್ಮ ಆಫೀಸಿನ ಮೀಟಿಂಗು?"

"ಅದೂ ಹಾಗೇ. 'ನನ್ನ ದನಿ ಕೇಳಿಸ್ತಿದೆಯಾ' ಅಂತ ಹತ್ತು ನಿಮಿಷ. ಕೊನೆಗೆ, ಮುಂದಿನ ಮೀಟಿಂಗ್ ಯಾವಾಗ ಅನ್ನೋ ಚರ್ಚೆ. ಸಿಡಿಲೊಂದು ಇಲ್ಲ, ಅಷ್ಟೇ."

"ಯಾಕೆ, ನಿಮ್ಮ ಮ್ಯಾನೇಜರ್ ರಜೆಯಲ್ಲಿದ್ದಾರಾ?"

ನಾನು ಉತ್ತರಿಸಲಿಲ್ಲ. ಜಾಹೀರಾತು ಇನ್ನೂ ಮುಗಿದಿರಲಿಲ್ಲ.