ಸಿಂದಗಿಗೆ ತೆಗೆಸಿದ ಟಿಕೀಟು

ಬೆಂಗಳೂರಿನಲ್ಲಿ ಸೀರಿಯಲ್ ಮಂದಿಯ ಕೈಕೆಳಗೆ ಕೆಲಸ ಮಾಡುವ ನನ್ನ ಅಕ್ಕನ ಮಗ ಒಂದು ದಿನ ಫೋನು ಮಾಡಿದ. ‘ಮಾಮಾ, ನೀವು ಹೆಂಗೂ ಬರೀತೀರಿ. ಒಂದು ಪೈಲಟ್ ಬರದು ಕೊಡ್ರಿ.’

ವಿಜಯಪುರಕ್ಕೆ ವಿಮಾನ ಬರುತ್ತದೆ, ಬರುತ್ತದೆ ಅನ್ನುವುದನ್ನು ಕೇಳುತ್ತಲೇ ತಲೆ ಬೆಳ್ಳಗಾದವನು ನಾನು. ‘ಮೊದಲ ವಿಮಾನ ಬರಲೋ, ಪೈಲಟ್ ಆಮ್ಯಾಲ ನೋಡೋಣು’ ಅಂದೆ. ಆತ ನಗಲಿಲ್ಲ. ಪೈಲಟ್ ಅಂದರೆ ಧಾರಾವಾಹಿಯ ಮೊದಲ ಕಂತು. ಅದನ್ನು ನೋಡಿದವರು ಎರಡನೆಯದು, ಮೂರನೆಯದು ಅಂತ ಬೆಳತನಕ ಕೂತಲ್ಲಿಂದ ಏಳಬಾರದು ಎಂದು ತಿಳಿಸಿ ಹೇಳಿದ.

ಬರೆದೆ. ಭೀಮಾ ನದಿಯ ದಂಡೆ, ಸೂರ್ಯೋದಯ, ಕೊಳಲು. ಆಮೇಲೆ ಒಂದು ವಾಡೆ. ವಾಡೆಯೊಳಗೆ ಅಜ್ಜ, ಅಜ್ಜಿ, ಮೂವರು ಗಂಡುಮಕ್ಕಳು, ಸೊಸೆಯಂದಿರು, ಒಬ್ಬ ಆಳು. ಒಬ್ಬೊಬ್ಬರನ್ನೇ ನಿಲ್ಲಿಸಿ ಹೆಸರು, ವಯಸ್ಸು, ಗುಣ ಪರಿಚಯಿಸಿದೆ. ಎರಡು ದಿನ ಬಿಟ್ಟು ಅಳಿಯನ ಉತ್ತರ ಬಂತು: ‘ಮಾಮಾ, ಇದು ರೇಶನ್ ಕಾರ್ಡ್ ಇದ್ದಂಗ ಐತಿ.’

ಈ ಅವಮಾನ ಆರುವ ಮೊದಲೇ ಸಿಂದಗಿಗೆ ಹೋಗುವ ಪ್ರಸಂಗ ಬಂತು. ನನ್ನ ಹೆಂಡತಿಯ ಚಿಗವ್ವನ ಮಗಳಿಗೆ ಕುಬಸ. ಮನೆಯಾಕೆಗೆ ಮೊಳಕಾಲು ನೋವು, ಬಸ್ಸು ಹತ್ತಲಾಗದು. ಹಸಿರು ಸೀರೆ, ಕಣ, ಬಳೆ ಇದ್ದ ಚೀಲವನ್ನು ನನ್ನ ಕೈಗಿಟ್ಟು, ‘ಮಧ್ಯಾಹ್ನದೊಳಗ ಮುಟ್ರಿ’ ಎಂದಳು. ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಮುದ್ದೇಬಿಹಾಳದ ಬಸ್ಸು ನಿಂತಿತ್ತು. ಸಿಂದಗಿಗೆ ಟಿಕೀಟು ತೆಗೆಸಿ ಕೂತೆ. ಮುಂದಿನ ಸೀಟಿನಲ್ಲಿ ಇಬ್ಬರು ಹೆಣ್ಣುಮಕ್ಕಳು; ಒಬ್ಬಾಕೆ ಹಿರಿಯಳು, ಒಬ್ಬಾಕೆ ಕಿರಿಯಳು. ಕಾಲ ಬುಡದಲ್ಲಿ ನಿಂಬೆಹಣ್ಣಿನ ಚೀಲ. ಇಂಡಿಯ ನಿಂಬೆಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ ಎಂಬುದನ್ನು ಇಲ್ಲಿ ಹೇಳಬೇಕಾದ ಕಾರಣವಿಲ್ಲ, ಊರ ಅಭಿಮಾನ.

ಬಸ್ಸು ಊರು ದಾಟಿತ್ತೋ ಇಲ್ಲವೋ, ಹಿರಿಯಾಕೆ ಅಂದಳು: ‘ಆಕಿ ಬಂಗಾರ ಒಯ್ದದ್ದು ನನಗ ಗೊತ್ತೇ ಇತ್ತು. ಆದ್ರ ಎಮ್ಮಿ ಒಯ್ತಾಳಂತ ಕನಸನ್ಯಾಗೂ ಅನ್ಕೊಂಡಿರ್ಲಿಲ್ಲ ನೋಡವಾ.’

ಕಿಟಕಿಗೆ ಒರಗಿದ್ದ ನನ್ನ ತಲೆ ತಾನಾಗಿ ಮುಂದೆ ಬಂತು. ಆಕೆ ಯಾರು? ಯಾರ ಬಂಗಾರ? ಬಂಗಾರವನ್ನಾದರೆ ಸೆರಗಿನಲ್ಲಿ ಬಚ್ಚಿಡಬಹುದು, ಎಮ್ಮೆಯನ್ನು ಹೇಗೆ ಒಯ್ದಳು? ಸೂರ್ಯೋದಯವಿಲ್ಲ, ಕೊಳಲಿಲ್ಲ, ಯಾರ ವಯಸ್ಸೂ ಗೊತ್ತಿಲ್ಲ. ಕಿರಿಯಾಕೆ ‘ರಾತ್ರ್ಯಾಗೇನ?’ ಅಂದಳು. ಹಿರಿಯಾಕೆ ಉತ್ತರ ಕೊಡದೆ ಸಂಚಿ ಬಿಚ್ಚಿ, ಎಲೆಯ ತೊಟ್ಟು ಮುರಿದು, ಬೆನ್ನು ಒರೆಸಿ, ಸುಣ್ಣ ಹಚ್ಚತೊಡಗಿದಳು. ಟಿವಿಯಲ್ಲಿ ಇದೇ ಹೊತ್ತಿಗೆ ಸಾಬೂನಿನ ಜಾಹೀರಾತು ಬರುತ್ತದೆ. ಅಡಿಕೆ ಹೋಳು ಬಾಯಿಗೆ ಬೀಳುವತನಕ ನಾನು ಉಸಿರು ಬಿಗಿಹಿಡಿದೆ. ‘ರಾತ್ರ್ಯಾಗಲ್ಲ. ಹಾಡಹಗಲಿ. ಎಲ್ಲಾರ ಮುಂದ.’

‘ಸಿಂದಗಿ, ಸಿಂದಗಿ ಇಳೀರಿ’ ಎಂದು ಕಂಡಕ್ಟರು ಕೂಗಿದ್ದು ಆಗಲೇ.

‘ಒಂದು ದೇವರ ಹಿಪ್ಪರಗಿ ಕೊಡ್ರಿ’ ಅಂದೆ. ಮುಂದಿನ ಬಸ್ಸಿಗೆ ತಿರುಗಿ ಬಂದರಾಯಿತು, ಕುಬಸ ಎಲ್ಲಿಗೆ ಹೋಗುತ್ತದೆ? ಆಗ ಹೊಳೆಯಿತು: 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೀಟು. ಕಥೆ ಹೇಳುವವರಿಗೆ ಪುಕ್ಕಟೆ, ಕೇಳುವವನಿಗೆ ಕಂತು ಕಂತಿಗೂ ರೊಕ್ಕ.

ಪರಿಚಯವೇ ಬೇಡ ಅನ್ನಲಾರೆ. ನಮ್ಮ ಕಡೆಯ ದೊಡ್ಡಾಟದಲ್ಲಿ ಪಾತ್ರದ ಪರಿಚಯಕ್ಕೇ ಅರ್ಧ ತಾಸು ಹೋಗುತ್ತದೆ, ಯಾರೂ ಏಳುವುದಿಲ್ಲ. ಯಾಕೆಂದರೆ ರಾಜ ಪರದೆಯ ಹಿಂದಿರುತ್ತಾನೆ. ಕಿರೀಟದ ತುದಿ ಕಾಣುತ್ತದೆ, ಕೆಳಗೆ ಗೆಜ್ಜೆಕಾಲು ಧಿಮಿಧಿಮಿ ಅನ್ನುತ್ತದೆ, ನಡುವಿನ ಮನುಷ್ಯ ಕಾಣುವುದಿಲ್ಲ. ಪರದೆ ಸರಿದ ಮೇಲೂ ಸಾರಥಿ ನೀವು ಯಾರು, ಯಾವೂರವರು ಎಂದು ಸತಾಯಿಸುತ್ತಾನೆ. ಕೂತವರಿಗೆಲ್ಲ ದುರ್ಯೋಧನನೇ ಅಂತ ಗೊತ್ತು; ಆತನ ಬಾಯಿಂದ ಬರಲಿ ಅಂತ ಕಾಯುತ್ತಾರೆ. ನನ್ನ ವಾಡೆಯಲ್ಲಿ ಕೊರತೆಯಿದ್ದದ್ದು ಆ ಪರದೆಯೊಂದೇ.

ನಮ್ಮ ಓಣಿಗೆಲ್ಲ ಒಂದೇ ಟಿವಿ ಇದ್ದ ಕಾಲದಲ್ಲಿ, 1988ರ ಅಕ್ಟೋಬರ್ 2ರಂದು, ಬಿ.ಆರ್. ಚೋಪ್ರಾರ ‘ಮಹಾಭಾರತ’ ಶುರುವಾಯಿತು. ಮೊದಲಿಗೆ ಮನುಷ್ಯರೇ ಇಲ್ಲ. ಕತ್ತಲು, ತಿರುಗುವ ಚಕ್ರ, ತನ್ನನ್ನು ಸಮಯವೆಂದು ಕರೆದುಕೊಳ್ಳುವ ಹರೀಶ್ ಭಿಮಾನಿಯ ದನಿ. ಓಣಿಯಲ್ಲಿ ಅರ್ಧ ಮಂದಿಗೆ ಹಿಂದಿ ಬಾರದು. ಆದರೂ ಮುದುಕರು ಕೈಮುಗಿದು ಕೂತರು. ಈತನಿಗೆ ಎಲ್ಲ ಗೊತ್ತಿದೆ, ಒಮ್ಮೆಲೇ ಹೇಳುವುದಿಲ್ಲ ಎಂಬ ಭರವಸೆಯೊಂದಿದ್ದರೆ ಜನ ಎಷ್ಟು ಹೊತ್ತಾದರೂ ಕೂಡುತ್ತಾರೆ. ನನ್ನ ಮುಂದಿನ ಸೀಟಿನಾಕೆಯೂ ಅದೇ ಜಾತಿಯವಳು. ಚಕ್ರದ ಬದಲು ಸಂಚಿ, ಅಷ್ಟೇ.

ದೇವರ ಹಿಪ್ಪರಗಿ ಬರುವ ಹೊತ್ತಿಗೆ ‘ಆಕಿ’ ಯಾರೆಂದು ತಿಳಿಯಿತು. ಓಡಿಹೋದ ಸೊಸೆ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿ ಅವಳಿಗೆ ಮುಖವನ್ನೂ ಕೊಟ್ಟಿದ್ದೆ. ಅಲ್ಲ! ಒಯ್ದಾಕಿ ಅತ್ತೆ. ಅರವತ್ತು ದಾಟಿದ ಮುದುಕಿ, ಗಂಡ ಮಕ್ಕಳ ಎದುರಿಗೇ ಎಮ್ಮೆಯ ಹಗ್ಗ ಹಿಡಿದು ತವರಿಗೆ ನಡೆದಿದ್ದಾಳೆ. ‘ಯಾಕಂತ ಯವ್ವಾ?’ ಎಂದು ಕಿರಿಯಾಕೆ ಕೇಳಿದಳು. ಅಷ್ಟರಲ್ಲಿ ನಾನೂ ಕೇಳಿದ್ದೆ, ಬಾಯಿಬಿಟ್ಟೇ. ಇಬ್ಬರೂ ಹೊರಳಿ ನೋಡಿದರು. ಕೆಮ್ಮಿದಂತೆ ಮಾಡಿ ಕಂಡಕ್ಟರನಿಗೆ ‘ಬಸವನ ಬಾಗೇವಾಡಿ’ ಅಂದೆ. ಆತ ಈ ಸಲ ಟಿಕೀಟಿಗಿಂತ ಮೊದಲು ನನ್ನ ಮುಖ ನೋಡಿದ.

‘ಮುದುಕ ಹೊಲ ಯಾರ ಹೆಸರೀಲೆ ಬರದಿದ್ದ ಗೊತ್ತೇನ?’ ಎಂದು ಶುರುವಾಗಿ ಮಾತು ಕೋರ್ಟು ಹತ್ತಿತು. ಟಿ.ಎನ್. ಸೀತಾರಾಂ ‘ಮುಕ್ತ’ದಲ್ಲಿ ತಾವೇ ವಕೀಲ ಸಿ.ಎಸ್.ಪಿ. ಆಗಿ ಕೋರ್ಟು ಹತ್ತಿದಾಗ ನಮ್ಮ ಭಾಗದ ಮನೆಗಳಲ್ಲಿ ಯಾಕೆ ರೊಟ್ಟಿ ಹಂಚಿನ ಮೇಲೇ ಸೀಯುತ್ತಿದ್ದವು ಎಂಬುದು ಈಗ ಅರ್ಥವಾಯಿತು. ಹೊಲದ ವ್ಯಾಜ್ಯ ಇಲ್ಲದ ಮನೆ ಕಡಿಮೆ. ಒಂದು ತಾರೀಖಿನಿಂದ ಇನ್ನೊಂದು ತಾರೀಖಿಗೆ ಜೀವ ಹಿಡಿದು ಬದುಕುವುದು ನಮಗೆ ಅಭ್ಯಾಸ. ಸೀತಾರಾಂ ಸ್ವತಃ ವಕೀಲಿ ಮಾಡಿದವರು. ಕಥೆಗೆ ಎಲ್ಲಿ ತಾರೀಖು ಕೊಡಬೇಕೆಂಬುದು ಅವರಿಗೆ ಹೇಳಿಕೊಡಬೇಕೆ?

ಬಸವಣ್ಣನವರು ಹುಟ್ಟಿದ ಬಾಗೇವಾಡಿಯಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಅವರಿಳಿಯಲಿಲ್ಲ, ನಾನೂ ಇಳಿಯಲಿಲ್ಲ. ಶ್ರಾವಣ ಬಂದರೆ ಈ ಸೀಮೆಯ ಮಠ ಗುಡಿಗಳಲ್ಲಿ ತಿಂಗಳುಗಟ್ಟಲೆ ಪುರಾಣ ನಡೆಯುತ್ತದೆ. ನಾನು ಹುಡುಗನಿದ್ದಾಗ ನಮ್ಮೂರಿಗೆ ಬರುತ್ತಿದ್ದ ಶಾಸ್ತ್ರಿಗಳೊಬ್ಬರು, ಶರಣರನ್ನು ಬಿಜ್ಜಳನ ಓಲಗದ ಬಾಗಿಲಿಗೆ ತಂದು ನಿಲ್ಲಿಸಿ, ಕೊರಳ ಸೆಲ್ಲೆ ಸರಿಪಡಿಸಿಕೊಂಡು, ಮಂಗಳಾರತಿಗೆ ಸನ್ನೆ ಮಾಡಿಬಿಡುತ್ತಿದ್ದರು. ಶರಣರು ಮರುದಿನ ಸಂಜೆಯವರೆಗೆ ಬಾಗಿಲಲ್ಲೇ ನಿಂತಿರಬೇಕು. ಆಮೇಲೆ ಏನಾಗುತ್ತದೆಂದು ನಮ್ಮವ್ವನಿಗೆ ಬಾಯಿಪಾಠ ಗೊತ್ತು; ಆದರೂ ರಾತ್ರಿ ಮಗ್ಗಲು ಬದಲಿಸುತ್ತಿದ್ದಳು. ‘ಸಂಗ್ಯಾ ಬಾಳ್ಯಾ’ದಲ್ಲೂ ಹಾಗೆಯೇ. ಕೊನೆಗೆ ಕೊಲೆ ಆಗುತ್ತದೆಂಬುದು ಎಳೆಕೂಸಿಗೂ ಗೊತ್ತು. ಗೆಳೆಯನಾದವನು ಅದಕ್ಕೆ ಹೇಗೆ ಕೈಜೋಡಿಸಿದ ಎಂಬುದಕ್ಕಾಗಿ ಊರು ಬೆಳತನಕ ಎದ್ದಿರುತ್ತದೆ.

ಮುದ್ದೇಬಿಹಾಳಕ್ಕೆ ಟಿಕೀಟು ಕೇಳುವ ಮೊದಲೇ ಕಂಡಕ್ಟರು ಹರಿದು ಕೊಟ್ಟ.

ಆ ಹಾದಿಯಲ್ಲಿ ನೆನಪಾದದ್ದು ರಾಜು ತಾಳಿಕೋಟೆಯವರ ‘ಕಲಿಯುಗದ ಕುಡುಕ’ ನಾಟಕದ ಕ್ಯಾಸೆಟ್ಟು. ಚಹಾದಂಗಡಿಯಲ್ಲಿ ಅದು ಒಂದು ಮಗ್ಗಲು ಮುಗಿದು ಟಕ್ ಎಂದು ನಿಂತರೆ, ಹುಡುಗ ಕೈ ಒರೆಸಿಕೊಂಡು ಬಂದು ತಿರುವಿ ಹಾಕುವತನಕ ಕುಡಿದ ಕಪ್ಪುಗಳನ್ನು ಹಿಡಿದುಕೊಂಡೇ ಕೂತಿರುತ್ತಿದ್ದೆವು.

‘ಎಂಟು ದಿನಕ್ಕ ಎಮ್ಮಿ ಬಂತು’ ಎಂದಳು ಹಿರಿಯಾಕೆ. ಬಸ್ಸು ಮುದ್ದೇಬಿಹಾಳದ ಸ್ಟ್ಯಾಂಡಿನೊಳಗೆ ಹೊರಳುತ್ತಿತ್ತು. ‘ಒಂದೇ ಬಂತು. ಕೊಳ್ಳಾಗ ಒಂದು ಗಂಟು ಕಟ್ಟಿತ್ತು.’

ಮಂದಿ ಎದ್ದರು. ನಿಂಬೆಯ ಚೀಲ ಇಳಿಯಿತು, ಅವರೂ ಇಳಿದರು. ಕುಬಸದ ಚೀಲ ಎತ್ತಿಕೊಂಡು ಹಿಂದೆಯೇ ಓಡಿದೆ. ಅಟೋದಲ್ಲಿ ಕೂತಿದ್ದ ಹಿರಿಯಾಕೆ ನನ್ನನ್ನು ನೋಡಿ, ‘ಯಣ್ಣಾ, ನೀವು ಸಿಂದಗ್ಯಾಗ ಇಳಿಯವರಿದ್ರಿ, ಹೌದಿಲ್ಲ?’ ಅಂದಳು.

‘ಹೌದ್ರಿ ಯಕ್ಕಾ. ಆ ಗಂಟಿನ್ಯಾಗ...’

ಅಟೋ ಹೋಯಿತು.

ವಿಜಯಪುರದ ಮೇಲೆ ಹಾಯ್ದು ಮನೆ ಮುಟ್ಟಿದಾಗ ರಾತ್ರಿ ಬಹಳ ಆಗಿತ್ತು. ಸಿಂದಗಿಯಿಂದ ಹನ್ನೊಂದು ಫೋನು ಬಂದಿದ್ದವಂತೆ. ಹಸಿರು ಸೀರೆ ಹೋದಂತೆಯೇ ತಿರುಗಿ ಬಂದದ್ದನ್ನು ನೋಡಿ ಹೆಂಡತಿ ಬಾಗಿಲಲ್ಲೇ ನಿಂತಳು. ಬಾಯಿ ತೆಗೆಯುವ ಮೊದಲೇ ನಾನು ಅಂದೆ: ‘ಆಕಿ ಬಂಗಾರ ಒಯ್ದದ್ದು ಎಲ್ಲಾರಿಗೂ ಗೊತ್ತಿತ್ತು. ಆದ್ರ ಎಮ್ಮಿ ಒಯ್ತಾಳಂತ...’

‘ಯಾರ?’ ಎಂದಳು. ಟಿವಿಯ ದನಿ ಸಣ್ಣದಾಯಿತು. ಕೂತಳು. ಊಟಕ್ಕೆ ನೀಡುತ್ತ ಕೇಳಿದಳು, ನೀಡುವುದನ್ನು ಮರೆತು ಕೇಳಿದಳು. ಗಂಟಿನವರೆಗೆ ತಂದು ನಿಲ್ಲಿಸಿದೆ.

‘ಗಂಟಿನ್ಯಾಗ ಏನಿತ್ತು?’

‘ಅಟೋ ಹೋತು.’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಸೀರೆಯ ಚೀಲವನ್ನು ಎತ್ತಿ ಗೂಟಕ್ಕೆ ಹಾಕಿದಳು.

‘ಮುಂಜಾನಿ ಎಷ್ಟಕ್ಕೈತಿ ಆ ಬಸ್ಸು? ನಾನೂ ಬರ್ತೀನಿ. ನನಗೇನ ಟಿಕೀಟಿಲ್ಲ.’