ಮಾರುತಿ ಧಣಿ

ರಾಯಚೂರು, ಮಾನ್ವಿ, ದೇವದುರ್ಗದ ಸೀಮೆಯಲ್ಲಿ ಹದಿನೈದು ವರ್ಷ ದಾಟಿದ ಮಾರುತಿ 800 ಕಾರು ಇಟ್ಟುಕೊಂಡು, ಅದರ ಎಂಜಿನ್ ಸತ್ತ ಮೇಲೂ ಕಾರು ಮಾರದೆ, ಸತ್ತ ಇನ್ನೊಂದು ಕಾರಿನ ಬದುಕಿರುವ ಎಂಜಿನ್ ಹುಡುಕುತ್ತ ತಿರುಗುವ ಗೃಹಸ್ಥನೇ ಮಾರುತಿ ಧಣಿ. ಧಣಿ ಎಂಬುದು ಇಲ್ಲಿ ಹೊಲ, ಎತ್ತು, ಆಳು ಉಳ್ಳವನಿಗೆ ಸಲ್ಲುವ ಮಾತು. ಇವನಿಗೆ ಹೊಲ ಇದ್ದರೂ ಇರಬಹುದು, ಎತ್ತು ಇಲ್ಲ, ಆಳುಗಳೆಂದರೆ ಕಾರು ನಿಂತಾಗ ನೂಕಲು ಓಡಿಬರುವ ಓಣಿಯ ಹುಡುಗರು. ಆದರೂ ಗುಜರಿ ಅಂಗಡಿಯವನು ಮೊದಲ ಸಲ 'ಬರ್ರಿ ಧಣ್ಯಾರ' ಎಂದ ದಿನವೇ ಬಿರುದು ಅಂಟಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ.

ಊರಿಗೆ ತಕ್ಕಂತೆ ಈ ಧಣಿಯಲ್ಲಿ ಮೂರು ಬಗೆ. ರಾಯಚೂರಿನವನು ಬಹುಮಟ್ಟಿಗೆ ನಿವೃತ್ತ ನೌಕರ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ 210 ಮೆಗಾವಾಟ್‌ನ ಘಟಕಗಳ ಪಕ್ಕ ಮೂವತ್ತು ವರ್ಷ ನಿಂತವನಾದರಂತೂ ಅಂಗೈಯಗಲದ ಎಂಜಿನ್ ತನಗೆ ಯಾವ ಲೆಕ್ಕ ಎಂದು ನಂಬಿರುತ್ತಾನೆ. ಮಾನ್ವಿಯವನು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವನು, ಇಲ್ಲವೇ ಅವನಿಗೆ ಗೊಬ್ಬರ ಮಾರುವವನು. ರಿಪೇರಿಯ ಖರ್ಚನ್ನೆಲ್ಲ ಭತ್ತದ ಚೀಲಗಳಲ್ಲಿ ಎಣಿಸುತ್ತಾನೆ. ದೇವದುರ್ಗದವನು ಶಾಲಾ ಮಾಸ್ತರ. ರಾಯಚೂರಿಗೆ ಹೋಗುವಾಗ ಎಷ್ಟು ಸಲ ನಿಲ್ಲದೆ ಗಬ್ಬೂರು ದಾಟಿದೆ ಎಂಬುದು ಅವನಿಗೆ ಹಾಜರಿ ಪುಸ್ತಕದಷ್ಟೇ ಖಚಿತವಾಗಿ ನೆನಪಿರುತ್ತದೆ. ಮೂವರಿಗೂ ಸಮಾನವಾದ ಗುರುತುಗಳಿವೆ: ಡಿಕ್ಕಿಯಲ್ಲಿ ಐದು ಲೀಟರಿನ ನೀರಿನ ಕ್ಯಾನು, ಸೀಟಿನ ಮೇಲೆ ಟವೆಲ್, ಡ್ಯಾಶ್‌ಬೋರ್ಡಿನ ಮೇಲೆ ಹನುಮಪ್ಪ, ಬಾಯಲ್ಲಿ 'ಈಗೂ ಲೀಟರಿಗೆ ಇಪ್ಪತ್ತು ಕೊಡ್ತದ' ಎಂಬ ಮಾತು. ಕಾರು ಅಂಗಳದಲ್ಲಿ ಆರು ತಿಂಗಳಿಂದ ಕದಲದೆ ನಿಂತಿದ್ದರೂ ಈ ಇಪ್ಪತ್ತು ಹತ್ತೊಂಬತ್ತಾಗುವುದಿಲ್ಲ.

ಧಣಿಯನ್ನು ತಿಳಿಯಲು ಕಾರಿನ ವಂಶಾವಳಿ ತಿಳಿಯಬೇಕು. ಮಾರುತಿ 800ರ ಮೊದಲ ಕಾರಿನ ಕೀಲಿಕೈಯನ್ನು ಪ್ರಧಾನಿ ಇಂದಿರಾ ಗಾಂಧಿ 1983ರ ಡಿಸೆಂಬರ್ 14ರಂದು ಗ್ರಾಹಕರ ಕೈಗಿತ್ತರು. ಮೂರು ಸಿಲಿಂಡರಿನ ಅದರ ಎಂಜಿನ್‌ನ ನಿಜವಾದ ಅಳತೆ 796 ಸಿಸಿ; ಹೆಸರಿನಲ್ಲಿರುವ ಉಳಿದ ನಾಲ್ಕು ಸಿಸಿಯನ್ನು ಧಣಿಯ ಅಭಿಮಾನ ತುಂಬಿಕೊಡುತ್ತದೆ. ಹೊಗೆಯ ಹೊಸ ನಿಯಮ ಬಂದದ್ದರಿಂದ 2010ರ ಏಪ್ರಿಲ್‌ನಲ್ಲಿ ಬೆಂಗಳೂರು, ಹೈದರಾಬಾದ್ ಸೇರಿ 13 ನಗರಗಳಲ್ಲಿ ಈ ಕಾರಿನ ಮಾರಾಟ ನಿಂತಿತು. ಸಣ್ಣ ಊರುಗಳಲ್ಲಿ ಮುಂದುವರಿಯಿತು. ಕಡೆಗೆ 2014ರ ಜನವರಿ 18ರಂದು ತಯಾರಿಕೆಯೇ ನಿಂತಿತು; ಅಷ್ಟು ಹೊತ್ತಿಗೆ ದೇಶದೊಳಗೆ 25 ಲಕ್ಷಕ್ಕೂ ಹೆಚ್ಚು ಕಾರುಗಳು ರಸ್ತೆಗಿಳಿದಿದ್ದವು.

ರಾಯಚೂರು ಸೀಮೆಯಲ್ಲಿ ಈ ಕಾರು ಮೇಲಿನಿಂದ ಕೆಳಕ್ಕೆ ಕಾಲುವೆಯ ನೀರಿನಂತೆ ಹರಿದು ಬಂದಿದೆ. ಹೊಸದಾಗಿದ್ದಾಗ ಡಾಕ್ಟರರ ಮನೆ ಮುಂದೆ, ಡಾಕ್ಟರರು ದೊಡ್ಡ ಗಾಡಿ ತಂದಾಗ ಹತ್ತಿ ದಲಾಲರ ಅಂಗಡಿ ಮುಂದೆ, ಅವರಿಂದ ಗುತ್ತಿಗೆದಾರನಿಗೆ, ಗುತ್ತಿಗೆದಾರನಿಂದ, ಕಾಲುವೆಯ ಕೊನೆಯ ಟೇಲೆಂಡಿನ ರೈತನಿಗೆ ನೀರು ತಲುಪುವ ಹೊತ್ತಿನಲ್ಲಿ, ನಮ್ಮ ಧಣಿಗೆ. ಆರ್‌ಸಿಯಲ್ಲಿ ಅವನದು ನಾಲ್ಕನೆಯ ಹೆಸರು. ಮೊದಲ ಹೆಸರು ಡಾಕ್ಟರರದು ಎಂಬ ಸಂಗತಿಯನ್ನು ಅವನು ಯಾರಿಗೂ ಹೇಳದೆ ಬಿಡುವುದಿಲ್ಲ. ಓದುಗರೂ ಅದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಎಂಜಿನ್ ಕೆಡುವುದಕ್ಕೆ ಇಲ್ಲಿ ಮುಖ್ಯ ಕಾರಣ ಬಿಸಿಲು. ಎರಡನೆಯ ಕಾರಣ ಬಿಸಿಲಿಗೆ ಧಣಿ ಮಾಡುವ ಮದ್ದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ರಾಯಚೂರಿಗೆ ಸುದ್ದಿಯಲ್ಲ. ರೇಡಿಯೇಟರಿಗೆ ಕೂಲಂಟ್ ಹಾಕಬೇಕೆಂದು ಮೆಕ್ಯಾನಿಕ್ ಹೇಳುತ್ತಾನೆ. ದುಡ್ಡು ಕೊಟ್ಟು ನೀರು ಕೊಳ್ಳುವುದು ಧಣಿಯ ಜಾಯಮಾನವಲ್ಲ. ಬೋರ್‌ವೆಲ್ ನೀರು ಸುರಿಯುತ್ತಾನೆ. ಆ ಗಡಸು ನೀರು ಸಣ್ಣ ಕೊಳವೆಗಳ ಒಳಗೆ ಬಿಳಿ ಹಕ್ಕಳೆ ಕಟ್ಟುತ್ತದೆ, ನೀರು ಸುತ್ತುವುದು ಕಡಿಮೆಯಾಗುತ್ತದೆ, ಸೂಜಿ ಕೆಂಪಿಗೇರುತ್ತದೆ, ಹೆಡ್ ಗ್ಯಾಸ್ಕೆಟ್ ಸುಟ್ಟು ನೀರು, ಆಯಿಲ್ ಒಂದಾಗುತ್ತವೆ. ಇನ್ನೂ ಓಡಿಸಿದರೆ ಹೆಡ್ಡೇ ಸೊಟ್ಟಗಾಗುತ್ತದೆ. ಸೂಜಿ ಕೆಂಪಿಗೇರಿದಾಗ ಧಣಿ ಮಾಡುವ ಮೊದಲ ಕೆಲಸ ಸೂಜಿ ಕೆಟ್ಟಿದೆ ಎಂದು ತೀರ್ಮಾನಿಸುವುದು.

ರೋಗವನ್ನು ಹೊಗೆಯ ಬಣ್ಣದಿಂದ ಗುರುತಿಸಬಹುದು. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಹೆಚ್ಚಾಗಿ ಉರಿಯುತ್ತಿದೆ. ಕಾರ್ಬೊರೇಟರ್ ಸರಿಪಡಿಸಿದರೆ ಸಾಕು. ಬಿಟ್ಟೂಬಿಡದ ಬಿಳಿ ಹೊಗೆ ಎಂದರೆ ಸಿಲಿಂಡರಿಗೆ ನೀರು ನುಗ್ಗಿದೆ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ವಾಲ್ವ್ ಸೀಲಾದರೂ ಹೋಗಿರಬೇಕು, ಪಿಸ್ಟನ್ ರಿಂಗಾದರೂ ಸವೆದಿರಬೇಕು. ಧಣಿಗೆ ಈ ಮೂರೂ ಬಾಯಿಪಾಠ, ಆದರೆ ಪರರ ಕಾರಿನ ಮಟ್ಟಿಗೆ. ತನ್ನ ಕಾರಿನ ಹೊಗೆ ಯಾವ ಬಣ್ಣದ್ದಾದರೂ ಅದು ಪೆಟ್ರೋಲ್ ಬಂಕಿನವರ ಕಲಬೆರಕೆ.

ಕೊನೆಗೆ ಮೆಕ್ಯಾನಿಕ್ ಎರಡು ದಾರಿ ತೋರಿಸುತ್ತಾನೆ. ಒಂದು, ಎಂಜಿನ್ ಬಿಚ್ಚಿ ಲೇತಿನಲ್ಲಿ ಬೋರ್ ಹೊಡೆಸಿ, ದಪ್ಪ ಪಿಸ್ಟನ್, ಹೊಸ ರಿಂಗ್ ಹಾಕುವುದು. ಇನ್ನೊಂದು, ಗುಜರಿಯಿಂದ ಓಡುವ ಎಂಜಿನ್ ತಂದು ಕೂರಿಸುವುದು. ಮೊದಲನೆಯದರಲ್ಲಿ ಖರ್ಚು ಎಷ್ಟೆಂದು ಮೊದಲೇ ಗೊತ್ತಾಗುತ್ತದೆ. ಆದ್ದರಿಂದ ಧಣಿ ಎರಡನೆಯದನ್ನು ಆರಿಸುತ್ತಾನೆ. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ, "ಅಪ್ಪಾಜಿ, ಅದನ್ನ ಗುಜರಿಗೆ ಹಾಕ್ರಿ" ಎನ್ನುತ್ತಾನೆ. "ನಾ ಗುಜರಿಯಿಂದ ತರಲಾಕ ಹೊಂಟೀನಿ, ನೀ ಗುಜರಿಗೆ ಹಾಕು ಅಂತಿ" ಎಂದು ಧಣಿ ಫೋನಿಡುತ್ತಾನೆ.

ಶೋಧ ಶುರುವಾಗುವುದು ಒಗ್ಗರಣಿ-ಮಿರ್ಚಿ ಅಂಗಡಿಯಲ್ಲಿ. ದೇವದುರ್ಗದಲ್ಲಿ ಎಂಜಿನ್ ಸಿಗುವುದಿಲ್ಲ, ಸಲಹೆ ಧಾರಾಳ. ಮಾನ್ವಿಯಲ್ಲಿ ಒಂದು ಸಿಗುತ್ತದೆ, ಆದರೆ ಅದು ಓಮ್ನಿ ವ್ಯಾನಿನದು. ಓಮ್ನಿ, ಆಲ್ಟೊ ಕಾರುಗಳಿಗೂ ಇದೇ 796 ಸಿಸಿಯ ಬಳಗದ ಎಂಜಿನ್‌ಗಳು ಬಂದದ್ದರಿಂದ 'ಎಲ್ಲಾ ಒಂದೇ ರೀ' ಎನ್ನುವ ಮಾತು ಮಾರುಕಟ್ಟೆಯಲ್ಲಿ ಚಾಲ್ತಿಯಲ್ಲಿದೆ. ಅರ್ಧ ನಿಜ. 800ರ ಎಂಜಿನ್ ಮುಂದೆ ಅಡ್ಡ ಕೂತು ಮುಂದಿನ ಗಾಲಿ ತಿರುಗಿಸುತ್ತದೆ. ಓಮ್ನಿಯದು ಮುಂದಿನ ಸೀಟಿನ ಕೆಳಗೆ ಉದ್ದಕ್ಕೆ ಮಲಗಿ ಹಿಂದಿನ ಗಾಲಿ ತಿರುಗಿಸುತ್ತದೆ. ಸಂಪು, ಮೌಂಟಿಂಗು, ಮ್ಯಾನಿಫೋಲ್ಡು ಬದಲಿಸದೆ ಒಂದು ಇನ್ನೊಂದರ ಜಾಗದಲ್ಲಿ ಕೂರುವುದಿಲ್ಲ. ಹಳೆಯ ಕಾರ್ಬೊರೇಟರ್ ಕಾರಿಗೆ ಆಮೇಲೆ ಬಂದ, ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಎಂಜಿನ್ ತಂದರೆ ಕಂಪ್ಯೂಟರ್, ಸೆನ್ಸರ್, ವೈರಿಂಗ್ ಎಲ್ಲವೂ ಅದರ ಹಿಂದೆ ಬೀಗರ ದಂಡಿನಂತೆ ಬರುತ್ತವೆ. ಮಾನ್ವಿಯಲ್ಲಿ ಸೋತ ಧಣಿಗೆ ಬೆಂಗಳೂರಿನ ಶಿವಾಜಿನಗರದ ಹೆಸರು ಹೇಳುವವರಿದ್ದಾರೆ, ಹೈದರಾಬಾದ್ ಕಡೆಯ ರಾಣಿಗಂಜ್ ಹೆಸರು ಹೇಳುವವರೂ ಇದ್ದಾರೆ. ಎರಡಕ್ಕೂ ಹೋಗುತ್ತೇನೆಂದು ಎಲ್ಲರಿಗೂ ಹೇಳಿ, ಅವನು ರಾಯಚೂರಿನ ಗುಜರಿಗೆ ಹೋಗುತ್ತಾನೆ.

ಗುಜರಿಯ ಅಂಗಳದಲ್ಲಿ ಎಂಜಿನ್ ಹಳೆಯ ಲಾರಿ ಟೈರಿನ ಮೇಲೆ, ಯೂರಿಯಾ ಚೀಲ ಹೊದ್ದು ಕೂತಿರುತ್ತದೆ. ಧಣಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಪರೀಕ್ಷೆ ಆರಂಭಿಸುತ್ತಾನೆ. ಈ ಘಟ್ಟದಲ್ಲಿ ಅವನು ಮಾಡುವುದೆಲ್ಲ ಸರಿ. ಮೊದಲು ಎಂಜಿನ್ ಮುಟ್ಟಿ ನೋಡುತ್ತಾನೆ: ಬೆಚ್ಚಗಿದ್ದರೆ ಗಿರಾಕಿ ಬರುವ ಮುಂಚೆಯೇ ಚಾಲೂ ಮಾಡಿದ್ದಾರೆ, ತಣ್ಣಗಿನ ಎಂಜಿನ್ ಮೊದಲ ಕ್ಷಣ ಉಗುಳುವ ಹೊಗೆಯನ್ನು ಮುಚ್ಚಿಟ್ಟಿದ್ದಾರೆ ಎಂದರ್ಥ. ಆಮೇಲೆ ಆಯಿಲ್ ಮುಚ್ಚಳ ತಿರುಗಿಸಿ ಅದರ ಹೊಟ್ಟೆ ನೋಡುತ್ತಾನೆ: ಬೆಣ್ಣೆಯಂಥ ಬಿಳಿ ಗಸಿ ಇದ್ದರೆ ಆಯಿಲಿನಲ್ಲಿ ನೀರು ಬೆರೆತಿದೆ. ಡಿಪ್‌ಸ್ಟಿಕ್ ಎಳೆದು ಆಯಿಲನ್ನು ಎರಡು ಬೆರಳಿನ ನಡುವೆ ಉಜ್ಜುತ್ತಾನೆ: ಬೇಕೆಂದೇ ದಪ್ಪ ಆಯಿಲ್ ಹಾಕಿ ಒಳಗಿನ ಸದ್ದು ಅಡಗಿಸಿರಬಹುದು. ಮೂರೂ ಪ್ಲಗ್ ಬಿಚ್ಚಿಸುತ್ತಾನೆ: ತುದಿ ತಿಳಿಗಂದು ಇದ್ದರೆ ಚೆನ್ನ, ಎಣ್ಣೆಗಪ್ಪಾಗಿದ್ದರೆ ಆ ಸಿಲಿಂಡರ್ ಆಯಿಲ್ ಕುಡಿಯುತ್ತದೆ. ಕಡೆಗೆ ಪುಲಿಗೆ ಪಾನಾ ಹಾಕಿ ಹುಡುಗನಿಂದ ತಿರುಗಿಸುತ್ತ, ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತುತ್ತಾನೆ. ಪಿಸ್ಟನ್ ಮೇಲೆ ಬಂದಾಗ ಗಾಳಿ ಹೆಬ್ಬೆರಳನ್ನು ತಳ್ಳಬೇಕು, ಮೂರೂ ಕಡೆ ಒಂದೇ ಬಿರುಸಿನಲ್ಲಿ. ಕಂಪ್ರೆಶನ್ ಗೇಜ್ ಇದನ್ನು ಇನ್ನೂ ಖಚಿತವಾಗಿ ಹೇಳುತ್ತದೆ. ಹೆಬ್ಬೆರಳಿಗೆ ಬಾಡಿಗೆ ಇಲ್ಲ.

ಮೊದಲನೆಯ ತೂತಿನಲ್ಲಿ ಗಾಳಿ ಬಲವಾಗಿ ತಳ್ಳುತ್ತದೆ. ಎರಡನೆಯದರಲ್ಲೂ ತಳ್ಳುತ್ತದೆ. ಆಗ ಧಣಿ ಕತ್ತೆತ್ತಿ ಕೇಳುತ್ತಾನೆ: "ಚಾಚಾ, ಯಾರ ಗಾಡೀದು ಇದು?"

"ಡಾಕ್ಟರ್ ಸಾಹೇಬ್ರುದ್ರಿ, ಧಣ್ಯಾರ. ಮನಿ ಬಿಟ್ರ ದವಾಖಾನಿ, ದವಾಖಾನಿ ಬಿಟ್ರ ಮನಿ. ಅಷ್ಟ ಓಡ್ಯಾದ."

ಧಣಿ ಹೆಬ್ಬೆರಳನ್ನು ಟವೆಲ್ಲಿಗೆ ಒರೆಸಿಕೊಂಡು ಎದ್ದು ನಿಲ್ಲುತ್ತಾನೆ. ಮೂರನೆಯ ತೂತು ಹಾಗೇ ಉಳಿಯುತ್ತದೆ. ಈ ಜಿಲ್ಲೆಯ ಗುಜರಿಗಳಲ್ಲಿರುವ ಎಂಜಿನ್‌ಗಳೆಲ್ಲ ಡಾಕ್ಟರರವೇ ಆಗಿದ್ದರೆ ಒಬ್ಬೊಬ್ಬ ರೋಗಿಗೆ ಇಬ್ಬಿಬ್ಬರು ಡಾಕ್ಟರರು ಇರಬೇಕಿತ್ತು ಎಂಬ ಲೆಕ್ಕ ಅವನಿಗೆ ಆ ಗಳಿಗೆಯಲ್ಲಿ ಹೊಳೆಯುವುದಿಲ್ಲ.

ಉಳಿದದ್ದು ದರ. ಎತ್ತಿನ ಸಂತೆಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಮಾತಾಡುವ ಪದ್ಧತಿ ಇಲ್ಲಿಗೂ ಬಂದಿದೆ, ಸುತ್ತ ಬೇರೆ ಗಿರಾಕಿ ಯಾರೂ ಇಲ್ಲದಿದ್ದರೂ. ಹದಿನೆಂಟು ಸಾವಿರದಿಂದ ಅವನು ಇಳಿಯುತ್ತಾನೆ, ಒಂಬತ್ತರಿಂದ ಇವನು ಏರುತ್ತಾನೆ, ಎರಡು ಚಹಾದ ನಡುವೆ ಹದಿಮೂರೂವರೆಗೆ ಕೈ ಬಿಡುತ್ತಾರೆ. ಆಗ ಹಾಫ್ ಎಂಜಿನ್ನೋ ಫುಲ್ ಎಂಜಿನ್ನೋ ಎಂಬ ಪ್ರಶ್ನೆ ಏಳುತ್ತದೆ. ಹಾಫ್ ಎಂದರೆ ಬರೀ ಬ್ಲಾಕಿನ ಭಾಗ. ಫುಲ್ ಎಂದರೆ ಹೆಡ್ಡು, ಕಾರ್ಬೊರೇಟರು, ಆಲ್ಟರ್ನೇಟರು, ಸ್ಟಾರ್ಟರು ಎಲ್ಲವೂ. ಯಾವ ಗಿಡ ಸಂಜೀವಿನಿ ಎಂದು ತಿಳಿಯದೆ ಹನುಮಪ್ಪ ಗುಡ್ಡವನ್ನೇ ಕಿತ್ತು ತಂದ; ಯಾವ ಭಾಗ ಚೆನ್ನಾಗಿದೆ ಎಂದು ತಿಳಿಯದೆ ಧಣಿ ಫುಲ್ ಎಂಜಿನ್ ತರುತ್ತಾನೆ. ಅಲ್ಲಿ ಮಾರುತಿ ಹೊತ್ತು ತಂದ, ಇಲ್ಲಿ ಮಾರುತಿಗಾಗಿ ಹೊತ್ತು ತರಬೇಕು.

ಹೊರುವ ಕೆಲಸಕ್ಕೆ ಈ ಊರಿನಲ್ಲಿ ದಾಖಲೆಯುಳ್ಳ ಇತಿಹಾಸವಿದೆ. 1294ರಲ್ಲಿ ಕಟ್ಟಿದ ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿ ಉದ್ದದ ಶಾಸನದ ಕಲ್ಲಿದೆ. ಅದನ್ನು ಬಂಡಿಯ ಮೇಲೆ ಹೇರಿ, ಕೋಣಗಳ ಸಾಲು ಎಳೆದು, ಹಿಂದಿನಿಂದ ಜನ ನೂಕುತ್ತ ತಂದ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಧಣಿಯ ಎಂಜಿನ್ ಟಂಟಂ ಆಟೊದಲ್ಲಿ ಬರುತ್ತದೆ. ನೂಕುವ ಜನರು ಮಾತ್ರ ಇಲ್ಲೂ ಇದ್ದಾರೆ, ಎಂಜಿನ್ ಕೂರಿಸಿದ ಮೇಲೆ.

ಕೂರಿಸುವುದು ಎರಡು ದಿನದ ಕೆಲಸ ಎಂದು ಆರಂಭವಾಗಿ ಹನ್ನೆರಡನೆಯ ದಿನ ಮುಗಿಯುತ್ತದೆ. ಎಂಜಿನ್ ಹೊರಗಿರುವಾಗಲೇ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ಲಚ್ ಪ್ಲೇಟ್, ಮೌಂಟಿಂಗ್ ರಬ್ಬರ್ ಬದಲಿಸಿಬಿಡಿ, ಆಮೇಲೆ ಮತ್ತೆ ಎಂಜಿನ್ ಇಳಿಸುವ ಕೂಲಿ ದಂಡ ಎಂದು ಮೆಕ್ಯಾನಿಕ್ ಹೇಳುವುದು ನಿಜವೇ. "ಚಲೋನೇ ಅದಾವಲ್ಲೋ" ಎಂದು ಧಣಿ ನಾಲ್ಕರಲ್ಲಿ ಒಂದನ್ನು ಒಪ್ಪುತ್ತಾನೆ. ಆ ಒಂದು, ನಾಲ್ಕರಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು.

ಕಾಗದದ ಕೆಲಸ ಕಡೆಯದು, ಧಣಿಯ ಪಟ್ಟಿಯಲ್ಲಿ ಅದು ಇರುವುದೇ ಇಲ್ಲ. ಕೆಎ-36 ಎಂದು ಶುರುವಾಗುವ ಅವನ ಆರ್‌ಸಿಯಲ್ಲಿ ಹಳೆಯ ಎಂಜಿನ್ ನಂಬರು ಇರುತ್ತದೆ, ಕಾರಿನಲ್ಲಿ ಹೊಸದು. ಆರ್‌ಸಿಯಲ್ಲಿರುವುದಕ್ಕೂ ಗಾಡಿಯಲ್ಲಿರುವುದಕ್ಕೂ ವ್ಯತ್ಯಾಸ ಬರುವಂತೆ ಬದಲಾವಣೆ ಮಾಡಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಆದ್ದರಿಂದ ಗುಜರಿಯ ರಸೀದಿಯಲ್ಲಿ ಎಂಜಿನ್ ನಂಬರು ಬರೆಸಿಕೊಂಡು, ಸಾರಿಗೆ ಕಚೇರಿಯಲ್ಲಿ ಅನುಮತಿ ಪಡೆದು ತಿದ್ದಿಸಬೇಕು. ಇಲ್ಲವಾದರೆ ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದು ಆ ನಂಬರನ್ನೇ, ಕದ್ದ ಗಾಡಿಯ ಎಂಜಿನ್ ಆಗಿದ್ದರೆ ಪೊಲೀಸರೂ ನೋಡುತ್ತಾರೆ. ಧಣಿಗೆ ಇದೆಲ್ಲ ನೆನಪಾಗುವುದು ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಮತ್ತೆ ಐದು ವರ್ಷಕ್ಕೆ ನವೀಕರಿಸಲು ಹೋದಾಗ. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್ 1ರಿಂದ 5000ಕ್ಕೆ ಏರಿತೆಂಬ ಆಘಾತದಲ್ಲಿ ಎಂಜಿನ್ ನಂಬರಿನ ಆಘಾತ ಅಷ್ಟಾಗಿ ತಟ್ಟುವುದಿಲ್ಲ.

ಹೊಸ ಎಂಜಿನ್ ಓಡುತ್ತದೆ. ತಿಂಗಳಾದ ಮೇಲೆ ಮೂರನೆಯ ಸಿಲಿಂಡರಿನಿಂದ ತೆಳ್ಳಗೆ ನೀಲಿ ಹೊಗೆ ಬರುತ್ತದೆ. ಪೆಟ್ರೋಲ್ ಬಂಕಿನವರ ಕಲಬೆರಕೆ ಮತ್ತೆ ಶುರುವಾಗುತ್ತದೆ. ಹಳೆಯ ಎಂಜಿನ್ ಮಾತ್ರ ಮನೆಯಂಗಳದ ಬೇವಿನ ಮರದ ಕೆಳಗೆ, ಹಳೆಯ ಟೈರಿನ ಮೇಲೆ ಕೂತಿರುತ್ತದೆ. ತೂಕಕ್ಕೆ ಹಾಕೋಣವೆಂದರೆ ಧಣಿ ಒಪ್ಪುವುದಿಲ್ಲ. ಯಾರಿಗಾದರೂ ಬೇಕಾಗುತ್ತದೆ ಎನ್ನುತ್ತಾನೆ, ಬೇಕಾಗಿಯೇ ಆಗುತ್ತದೆ. ಒಂದು ಮಧ್ಯಾಹ್ನ ದೇವದುರ್ಗದ ಕಡೆಯ ಮಾಸ್ತರೊಬ್ಬರು ವಿಳಾಸ ಕೇಳಿಕೊಂಡು ಬಂದು, ಟವೆಲ್ ಹೆಗಲಿಗೆ ಹಾಕಿ, ಬೇವಿನ ನೆರಳಿನಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಮುಟ್ಟಿ ನೋಡುತ್ತಾರೆ, ಮುಚ್ಚಳ ತೆಗೆಯುತ್ತಾರೆ, ಪ್ಲಗ್ ಬಿಚ್ಚುತ್ತಾರೆ. ಮೊದಲನೆಯ ತೂತಿಗೆ ಹೆಬ್ಬೆರಳು ಒತ್ತುತ್ತಾರೆ. ಎರಡನೆಯದಕ್ಕೆ ಹೆಬ್ಬೆರಳು ಒಯ್ಯುತ್ತ, "ಯಾರ ಗಾಡೀದ್ರಿ ಇದು?" ಎನ್ನುತ್ತಾರೆ.

"ಡಾಕ್ಟರದ್ರಿ ಮಾಸ್ತರ" ಎನ್ನುತ್ತಾನೆ ಧಣಿ. ಆರ್‌ಸಿ ನೋಡಿದರೆ ಅದು ಸುಳ್ಳಲ್ಲ.